ಅಬಲೋನಿ: ಸಾಕಣೆ ಹೆಚ್ಚಿದರೂ ಕಳ್ಳಬೇಟೆ ಯಾಕೆ ನಿಲ್ಲುವುದಿಲ್ಲ?

ಕಡಲಿನ ಬಂಡೆಗೆ ಕಚ್ಚಿಕೊಂಡು ಪಾಚಿ ಮೇಯುವ ದೊಡ್ಡ ಬಸವನಹುಳು ಅಬಲೋನಿ. ಚೀನಾ, ಹಾಂಗ್‌ಕಾಂಗ್‌ಗಳ ಮದುವೆ ಊಟ, ಹೊಸವರ್ಷದ ಔತಣಗಳಲ್ಲಿ ಇದನ್ನು ಬಡಿಸುವುದು ಅಂತಸ್ತಿನ ಗುರುತು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಪರ್ಲೆಮೂನ್ ಅಂತಾರೆ. ಅಲ್ಲಿನ ವೆಸ್ಟರ್ನ್ ಕೇಪ್ ಕರಾವಳಿಯಲ್ಲಿ ಇದನ್ನು ಸಾಕುವ ಕಂಪನಿಗಳಿವೆ, ರಾತ್ರಿ ಕಡಲಿಗೆ ಧುಮುಕಿ ಕದಿಯುವವರೂ ಇದ್ದಾರೆ. ಎರಡೂ ಸರಕಿನ ಮುಖ್ಯ ಮಾರುಕಟ್ಟೆ ಹಾಂಗ್‌ಕಾಂಗ್.

ಸಾಕಣೆ ಜಾಸ್ತಿಯಾದರೆ ಬೆಲೆ ಇಳಿದು ಕಳ್ಳಬೇಟೆ ತಾನಾಗಿಯೇ ನಿಲ್ಲುತ್ತೆ ಅನ್ನುವ ವಾದ ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಕುಂಟುತ್ತದೆ.

ಹರ್ಮಾನಸ್, ಗಾನ್ಸ್‌ಬಾಯ್ ಊರುಗಳ ಸುತ್ತ ಅಬಲೋನಿ ಬೆಳೆಯುವುದು ದಡದ ಮೇಲಿನ ತೊಟ್ಟಿಗಳಲ್ಲಿ. ಹಗಲೂ ರಾತ್ರಿ ಸಮುದ್ರದ ನೀರನ್ನು ಪಂಪ್ ಮಾಡುತ್ತಲೇ ಇರಬೇಕು. ಲೋಡ್ ಶೆಡ್ಡಿಂಗ್‌ಗೆ ಹೆಸರಾದ ದೇಶ ಅದು, ಹಾಗಾಗಿ ಕರೆಂಟ್ ಬಿಲ್ ಜೊತೆಗೆ ಜನರೇಟರ್ ಡೀಸೆಲ್ ಖರ್ಚೂ ಸೇರುತ್ತದೆ. ಕೆಲ್ಪ್ ಎಂಬ ಕಡಲಪಾಚಿಯನ್ನೋ ಕಾರ್ಖಾನೆ ಮೇವನ್ನೋ ಹಾಕಬೇಕು. ಇಷ್ಟು ಮಾಡಿದರೂ ಮಾರುವ ಗಾತ್ರಕ್ಕೆ ಬರಲು ಮೂರ್ನಾಲ್ಕು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು. ಅಷ್ಟು ಕಾಲ ಹಾಕಿದ ದುಡ್ಡು ತೊಟ್ಟಿಯಲ್ಲೇ ಮುಳುಗಿರುತ್ತದೆ. 2017ರಲ್ಲಿ ಆ ಭಾಗದ ಕಡಲಿನಲ್ಲಿ ವಿಷಪಾಚಿ ಉಕ್ಕಿದಾಗ ಫಾರ್ಮ್‌ಗಳಲ್ಲಿದ್ದ ಲಕ್ಷಗಟ್ಟಲೆ ಅಬಲೋನಿ ಸತ್ತವು.

ಕದಿಯುವವನಿಗೆ ಈ ಯಾವ ಖರ್ಚೂ ಇಲ್ಲ. ಕಾಡು ಅಬಲೋನಿ ಕಾನೂನು ಒಪ್ಪುವ ಗಾತ್ರಕ್ಕೆ, ಅಂದರೆ ಚಿಪ್ಪಿನ ಅಗಲ 11.4 ಸೆಂಟಿಮೀಟರ್ ಆಗಲು, ಸುಮಾರು ಎಂಟು ವರ್ಷ ಬೇಕು. ಆ ಎಂಟು ವರ್ಷ ಅದನ್ನು ಪುಕ್ಕಟೆ ಸಾಕಿದ್ದು ಕಡಲು. ದೋಣಿ, ಡೈವಿಂಗ್ ಸೂಟು, ಸಿಕ್ಕಿಬೀಳುವ ಅಪಾಯ, ಇಷ್ಟೇ ಅವನ ಬಂಡವಾಳ. ಹಾಗಾಗಿ ಬೆಲೆ ಬಿದ್ದರೆ ಮೊದಲು ಬಾಗಿಲು ಹಾಕಬೇಕಾದದ್ದು ಫಾರ್ಮ್.

ಇನ್ನೊಂದು ತೊಡಕು ಗಾತ್ರದ್ದು. ಹಾಂಗ್‌ಕಾಂಗ್‌ನಲ್ಲಿ ಒಣ ಅಬಲೋನಿಯನ್ನು 'ತಲೆ' ಎಣಿಸಿ ಮಾರುತ್ತಾರೆ: ಒಂದು ಕ್ಯಾಟಿಗೆ, ಅಂದರೆ ಸುಮಾರು 600 ಗ್ರಾಂಗೆ, ಎಷ್ಟು ತೂಗುತ್ತವೆ ಅಂತ. ತಲೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಅಷ್ಟು ದೊಡ್ಡದಾಗುವವರೆಗೆ ಮೇವು ಹಾಕಿ ಕಾಯುವುದು ಫಾರ್ಮ್‌ಗೆ ಗಿಟ್ಟುವುದಿಲ್ಲ. ಚೀನಾವನ್ನೇ ನೋಡಿ. ಫುಜಿಯಾನ್ ಕಡಲಿನ ಪಂಜರಗಳೇ ಮುಖ್ಯ ಆಧಾರವಾಗಿ, ಅದು 2020ರಲ್ಲಿ 2 ಲಕ್ಷ ಟನ್‌ಗೂ ಹೆಚ್ಚು ಬೆಳೆಯಿತು. ಸಣ್ಣ ಅಬಲೋನಿ ಈಗ ಅಲ್ಲಿ ಸಾಮಾನ್ಯ ಹೋಟೆಲಿನ ತಿನಿಸು. ಆದರೂ ಕೇಪ್ ಕರಾವಳಿಯ ಕಳ್ಳಬೇಟೆ ನಿಂತಿಲ್ಲ.

2000ದಿಂದ 2016ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಕಳುವಾದ ಅಬಲೋನಿಗಳು ಸುಮಾರು 9.6 ಕೋಟಿ ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2018ರಲ್ಲಿ ಅಂದಾಜಿಸಿತು. ಒಣಗಿಸಿದರೆ ಐಸ್ ಬೇಡ, ತೂಕವೂ ಕಡಿಮೆ. ಅಬಲೋನಿ ಬೆಳೆಯದ ನೆರೆದೇಶಗಳ ಮೂಲಕ ಸಾಗಿಸಿ, ಅಲ್ಲಿಂದ ಸಕ್ರಮ ರಫ್ತಿನಂತೆ ಕಳಿಸುತ್ತಾರೆ. ಎಷ್ಟೋ ಸಲ ದುಡ್ಡಿನ ಬದಲು ಮ್ಯಾಂಡ್ರಾಕ್ಸ್ ಮಾದಕದ ಕಚ್ಚಾವಸ್ತು ಗ್ಯಾಂಗ್‌ಗಳ ಕೈ ಸೇರುತ್ತದೆ. ಇದನ್ನು ತಡೆಯಲು 2007ರಲ್ಲಿ ಸರ್ಕಾರ ಪರ್ಲೆಮೂನ್ ಅನ್ನು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಮೂರನೇ ಪಟ್ಟಿಗೆ ಸೇರಿಸಿತು. ಜಾರಿ ಕಷ್ಟ ಅಂತ 2010ರಲ್ಲಿ ವಾಪಸ್ ಪಡೆಯಿತು. ಕಳ್ಳಸಾಗಣೆದಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಿತ್ತೇ?

ಕದಿಯುವವರು ಯಾರು ಅನ್ನುವುದೂ ಮುಖ್ಯ. ವರ್ಣಭೇದ ಆಡಳಿತದಲ್ಲಿ ಮೀನುಗಾರಿಕೆ ಕೋಟಾ ಹೆಚ್ಚಾಗಿ ಬಿಳಿಯರ ಕಂಪನಿಗಳ ಕೈಯಲ್ಲಿತ್ತು. ಹಾಸ್ಟನ್‌ನಂಥ ಊರುಗಳ 'ಕಲರ್ಡ್' ಮೀನುಗಾರರು ತಮ್ಮದೇ ಕಡಲಿಗೆ ಹೊರಗಿನವರಾದರು. 1994ರ ನಂತರ ಹಕ್ಕಿನ ಮರುಹಂಚಿಕೆ ಶುರುವಾಯಿತು, ಆದರೆ ಹಂಚಲು ಅಬಲೋನಿಯೇ ಉಳಿಯಲಿಲ್ಲ. 1995ರಲ್ಲಿ 615 ಟನ್ ಇದ್ದ ಸಕ್ರಮ ಮಿತಿ ಇಳಿಯುತ್ತಾ ಹೋಗಿ, 2008ರಲ್ಲಿ ಬೇಟೆಯನ್ನೇ ಪೂರ್ತಿ ಬಂದ್ ಮಾಡಲಾಯಿತು. 2010ರಲ್ಲಿ 150 ಟನ್ ಮಿತಿಯೊಂದಿಗೆ ಮತ್ತೆ ಅನುಮತಿ ಬಂತು. 'ಇದು ನಮ್ಮ ಕಡಲು, ನಾವೇಕೆ ಕಳ್ಳರು?' ಅನ್ನುವ ಮಾತು ಆ ಊರುಗಳಲ್ಲಿ ಹುಟ್ಟಿದ್ದು ಹೀಗೆ. ಫಾರ್ಮ್‌ಗಳು ಸಂಬಳದ ಕೆಲಸ ಕೊಟ್ಟಿವೆ ನಿಜ, ಒಡೆತನ ಕೊಟ್ಟಿಲ್ಲ. ನಾಲ್ಕು ವರ್ಷ ಆದಾಯವಿಲ್ಲದೆ ಪಂಪ್ ಓಡಿಸುವ ಬಂಡವಾಳ ಮೀನುಗಾರನ ಮನೆಯಲ್ಲಿ ಎಲ್ಲಿರುತ್ತೆ?

ಮಧ್ಯದ ದಾರಿಯೊಂದನ್ನು ಪ್ರಯತ್ನಿಸಲಾಗುತ್ತಿದೆ: ಮರಿಗಳನ್ನು ಕಡಲಿಗೇ ಬಿಟ್ಟು, ಬಿಟ್ಟವರಿಗೆ ಆ ಜಾಗದ ಕೊಯ್ಲಿನ ಹಕ್ಕು ಕೊಡುವುದು. ಪಂಪ್ ಬೇಡ, ಮೇವು ಬೇಡ. ಆದರೆ ವರ್ಷಗಟ್ಟಲೆ ಕಾವಲು ಬೇಕು. ಹಕ್ಕುಪತ್ರ ಕಂಪನಿಗೆ ಸಿಕ್ಕರೆ ಕಾವಲುಗಾರನನ್ನು ಸಂಬಳಕ್ಕೆ ಇಡಬೇಕು, ಊರಿನ ಸಹಕಾರ ಸಂಘಕ್ಕೆ ಸಿಕ್ಕರೆ ಊರೇ ಕಾಯಬಹುದು.