ಬಣ್ಣ ಹಿಡಿಯೋ ಹುಣಸೆ ಬೀಜ

ಹೋದ ಭಾನುವಾರ ಹೊಸ ನೀಲಿ ಟೀ ಶರ್ಟೊಂದನ್ನು ಬಕೆಟ್‌ನಲ್ಲಿ ನೆನೆಹಾಕಿದೆ. ಹತ್ತೇ ನಿಮಿಷಕ್ಕೆ ನೀರೆಲ್ಲ ನೀಲಿ. ಬಚ್ಚಲಿಗೆ ಚೆಲ್ಲಿದೆ, ನನ್ನ ಪಾಲಿಗೆ ಕಥೆ ಮುಗೀತು. ಆದರೆ ಇಂಥ ಟೀ ಶರ್ಟುಗಳ ತವರು ತಮಿಳುನಾಡಿನ ತಿರುಪ್ಪೂರು. ಅಲ್ಲಿ ಈ ಬಕೆಟ್ಟು ಒಂದು ನದಿಯಷ್ಟು ದೊಡ್ಡದು.

ಕಥೆ ಶುರುವಾಗೋದು 1856ರಲ್ಲಿ. ಲಂಡನ್ನಿನ 18 ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಬೇಕಾದ ಕ್ವಿನೈನ್ ಮಾಡಲು ಹೊರಟಿದ್ದ. ಸಿಕ್ಕಿದ್ದು ಕಪ್ಪು ಗಸಿ. ಆಲ್ಕೋಹಾಲಿನಲ್ಲಿ ಕರಗಿಸಿದರೆ ಚೆಂದದ ನೇರಳೆ! ರೇಷ್ಮೆಗೆ ಹಾಕಿದರೆ ಒಗೆದರೂ ಬಿಡದ ಬಣ್ಣ. ಬಣ್ಣದ ಕಾರ್ಖಾನೆಗಳ ಕಾಲ ಹೀಗೆ ಹುಟ್ಟಿತು.

ಸರಿಯಾಗಿ ನೂರು ವರ್ಷದ ಮೇಲೆ, 1956ರಲ್ಲಿ, ಬ್ರಿಟನ್ನಿನ ಐಸಿಐ ಕಂಪನಿ ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಇವು ನೂಲಿಗೆ ಸುಮ್ಮನೆ ಅಂಟೋದಿಲ್ಲ, ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಆದರೆ ಒಂದಷ್ಟು ಬಣ್ಣ ನೂಲಿನ ಬದಲು ನೀರಿನ ಜೊತೆಗೇ ಸೇರಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಅದು ಹೋಗೋದು ಚರಂಡಿಗೆ, ಜೊತೆಗೆ ರಾಶಿ ಉಪ್ಪು.

ತಿರುಪ್ಪೂರಿನಲ್ಲಿ ಅದು ಹೋಗಿದ್ದು ನೊಯ್ಯಲ್ ನದಿಗೆ. ಕೆಳಗೆ ಒರತುಪಾಳ್ಯಂನಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟು ಬಣ್ಣದ ಕೊಳೆನೀರಿನ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಡೈಯಿಂಗ್ ಘಟಕಗಳನ್ನು ಮುಚ್ಚಲು ಹೇಳಿತು. ಒಂದು ಕಡೆ ರೈತರ ಹೊಲ, ಇನ್ನೊಂದು ಕಡೆ ಕಾರ್ಮಿಕರ ಕೂಲಿ.

ಈ ಬಣ್ಣವನ್ನು ನೀರಿನಿಂದ ಹಿಡಿದು ತೆಗೆಯೋಕೆ ಆಗಲ್ವಾ? ಇಲ್ಲಿ ಬರುತ್ತದೆ ಹೈಡ್ರೋಜೆಲ್. ನೀರು ಕುಡಿದು ಊದಿಕೊಂಡರೂ ಕರಗದ ಬಲೆ ಅಂದುಕೊಳ್ಳಿ. 1960ರಲ್ಲಿ ಪ್ರಾಗ್‌ನ ವಿಖ್ಟರ್ಲೆ ಮತ್ತು ಲಿಮ್ ಇಂಥದ್ದೊಂದನ್ನು ಜಗತ್ತಿಗೆ ತಿಳಿಸಿದರು, ಅದರಿಂದಲೇ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಂತು. ಈಗ ಸಂಶೋಧಕರು ಈ ಬಲೆಯನ್ನು ಸೆಲ್ಯುಲೋಸ್, ಪಿಷ್ಟ, ಗೋರಿಕಾಯಿ ಬೀಜದ ಅಂಟು, ಹುಣಸೆ ಬೀಜದ ಅಂಟಿನಿಂದ ಹೆಣೆಯುತ್ತಿದ್ದಾರೆ. ಹುಣಸೆ ಬೀಜ ಅಂದಕೂಡಲೇ ನನಗೆ ನಮ್ಮೂರು ನೆನಪಾಯ್ತು. ಕಂಬಳಿ ನೇಯುವವರು ಅದೇ ಬೀಜ ಅರೆದು, ಗಂಜಿ ಕಾಯಿಸಿ ಉಣ್ಣೆ ನೂಲಿಗೆ ಬಳಿಯುತ್ತಿದ್ದರು. ನೂಲು ಗಟ್ಟಿಯಾಗಲಿ ಅಂತ.

ಖುಷಿಯಾಯ್ತಲ್ವಾ? ತಡೀರಿ, ಒಂದು ಬಗ್ ಇದೆ. ಲ್ಯಾಬಿನಲ್ಲಿ ಇಂಥ ಜೆಲ್‌ಗಳನ್ನು ಹೆಚ್ಚಾಗಿ ಪರೀಕ್ಷಿಸೋದು ಮೆಥಿಲೀನ್ ಬ್ಲೂ ಮೇಲೆ, 1876ರಲ್ಲಿ ಜರ್ಮನಿಯಲ್ಲಿ ತಯಾರಾದ ಬಣ್ಣ. ಅದು ಧನ ಆವೇಶದ್ದು. ಜೆಲ್‌ಗೆ ಋಣ ಆವೇಶದ ಗುಂಪುಗಳನ್ನು ಸೇರಿಸಿದರೆ ಅಯಸ್ಕಾಂತದ ಹಾಗೆ ಎಳೆದುಕೊಳ್ಳುತ್ತದೆ. ಆದರೆ ಹತ್ತಿಯ ರಿಯಾಕ್ಟಿವ್ ಬಣ್ಣಗಳೂ ಋಣ ಆವೇಶದವೇ! ಅದೇ ಜೆಲ್ ಅವನ್ನು ದೂರ ತಳ್ಳುತ್ತದೆ. ಅವಕ್ಕೆ ಧನ ಆವೇಶದ ಬೇರೆ ಜೆಲ್ ಬೇಕು. ಅದನ್ನು ಮಾಡಿದರೂ ಕೊಳೆನೀರಿನ ಉಪ್ಪು ಆ ಸೆಳೆತವನ್ನು ಮಂಕು ಮಾಡುತ್ತದೆ, ಉಪ್ಪು ನೀರಲ್ಲೇ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್‌ನಲ್ಲಿ ಪಾಸು, ಪ್ರೊಡಕ್ಷನ್‌ನಲ್ಲಿ ಫೇಲು.

ಹಾಗಂತ ಕೈಬಿಡಬೇಕಾಗಿಲ್ಲ. ಹುಣಸೆ ಬೀಜ ಅಗ್ಗ, ನಮ್ಮದೇ ನೆಲದ್ದು. ಆದರೆ ಇನ್ನು ಮುಂದೆ ಯಾವುದೋ ಜೆಲ್ ನೀರನ್ನು ಪೂರ್ತಿ ಶುದ್ಧ ಮಾಡಿತು ಅಂತ ಓದಿದರೆ ಮೂರು ಪ್ರಶ್ನೆ ಕೇಳಿ: ಯಾವ ಬಣ್ಣ? ಯಾವ ನೀರು? ಬಣ್ಣ ಕುಡಿದು ತುಂಬಿದ ಜೆಲ್ ಎಲ್ಲಿಗೆ ಹೋಗುತ್ತೆ? ಮೂರನೆಯದನ್ನು ನಾನೂ ಆ ಬಕೆಟ್ ಚೆಲ್ಲುವಾಗ ಕೇಳಿಕೊಳ್ಳಬೇಕಿತ್ತು.