ಹೆಣ್ಣಿನ ಮುಖದಲ್ಲಿ ಬೇಡದ ಕೂದಲು: ಕಾರಣವೇನು, ನೋವೆಷ್ಟು?

ಮೇಲ್ದುಟಿ, ಗಲ್ಲ ಹಾಗೂ ಕೆನ್ನೆಯ ಅಂಚಿನಲ್ಲಿ ಗಂಡಸರಿಗೆ ಬರುವಂತೆ ದಪ್ಪನೆಯ ಕಪ್ಪು ಕೂದಲು ಮಹಿಳೆಯರಲ್ಲಿ ಬೆಳೆಯುವುದನ್ನು ವೈದ್ಯಶಾಸ್ತ್ರ ‘ಹಿರ್ಸುಟಿಸಂ’ ಎಂದು ಕರೆಯುತ್ತದೆ. ಸಂತಾನಯೋಗ್ಯ ವಯಸ್ಸಿನ ಮಹಿಳೆಯರಲ್ಲಿ ಶೇ. 5ರಿಂದ 10ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಇಷ್ಟು ಸಾಮಾನ್ಯವಾದ ಸಮಸ್ಯೆಯೊಂದು ಇಷ್ಟೊಂದು ಗುಟ್ಟಾಗಿ ಉಳಿದಿರುವುದೇ ಆಶ್ಚರ್ಯ.

ಪ್ರತಿ ಹೆಣ್ಣಿನ ಮುಖದಲ್ಲೂ ಕಣ್ಣಿಗೆ ಕಾಣದಷ್ಟು ನವಿರಾದ ರೋಮಗಳಿರುತ್ತವೆ. ಪುರುಷ ಹಾರ್ಮೋನುಗಳೆಂದು ಕರೆಯುವ ಆಂಡ್ರೊಜೆನ್‌ಗಳು ಮಹಿಳೆಯ ದೇಹದಲ್ಲೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಿಂದ ಅಲ್ಪ ಪ್ರಮಾಣದಲ್ಲಿ ಸ್ರವಿಸುತ್ತವೆ. ಈ ಪ್ರಮಾಣ ಹೆಚ್ಚಿದಾಗ, ಅಥವಾ ಪ್ರಮಾಣ ಸರಿಯಿದ್ದರೂ ಕೂದಲಿನ ಬುಡ ಅದಕ್ಕೆ ಅತಿಯಾಗಿ ಸ್ಪಂದಿಸಿದಾಗ ನವಿರು ರೋಮ ಗಡುಸಾಗುತ್ತದೆ. ಎರಡನೆಯದು ಹಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುವಂಥದ್ದು, ಅದು ರೋಗವಲ್ಲ.

ಪ್ರತಿ ನಾಲ್ಕು ಪ್ರಕರಣಗಳಲ್ಲಿ ಸುಮಾರು ಮೂರಕ್ಕೆ ಮೂಲ ಕಾರಣ ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವಿವರಿಸಿದರು. ಮುಟ್ಟು ತಪ್ಪುವುದು, ಮೊಡವೆ, ತೂಕ ಹೆಚ್ಚುವುದು, ಗರ್ಭ ನಿಲ್ಲಲು ತಡವಾಗುವುದು ಇದರ ಜೊತೆಗಾರ ಲಕ್ಷಣಗಳು. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಆದುದರಿಂದ ಗಲ್ಲದ ಕೂದಲನ್ನು ಕೇವಲ ಸೌಂದರ್ಯದ ಪ್ರಶ್ನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹುಟ್ಟಿನಿಂದಲೇ ಬರುವ ಅಡ್ರಿನಲ್ ದೋಷ, ಕುಷಿಂಗ್ ಕಾಯಿಲೆ, ಕೆಲವು ಔಷಧಿಗಳು ಉಳಿದ ಕಾರಣಗಳು. ಮುಟ್ಟು ನಿಂತ ನಂತರ ಗಲ್ಲದಲ್ಲಿ ನಾಲ್ಕಾರು ಕೂದಲು ಮೂಡುವುದು ತೀರ ಸಹಜ.

ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳಲೇಬೇಕಾದ ಇನ್ನೊಂದು ಕಾರಣವಿದೆ. ಮುಖ ಬೆಳ್ಳಗಾಗುತ್ತದೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚುವ ಮುಲಾಮುಗಳಲ್ಲಿ ಅನೇಕವು ಬೀಟಾಮೆಥಾಸೋನ್, ಮೊಮೆಟಾಸೋನ್‌ನಂತಹ ಸ್ಟಿರಾಯ್ಡ್‌ಗಳು. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆಯ ಜೊತೆಗೆ ರೋಮವೂ ಬೆಳೆಯುತ್ತದೆ. ಬಿಟ್ಟರೆ ಉರಿ, ಮತ್ತೆ ಹಚ್ಚಿದರೆ ಸಮಾಧಾನ. ಹೀಗೆ ಬಿಡಲಾಗದ ಚಟವಾಗುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಇಂತಹ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕೊಳ್ಳುವವರೂ ಎಚ್ಚರ ವಹಿಸಬೇಕಲ್ಲವೇ?

ಬ್ಲೇಡು ಮುಟ್ಟಿಸಿದರೆ ಕೂದಲು ದಪ್ಪವಾಗುತ್ತದೆಂಬ ನಂಬಿಕೆ ಬಲವಾಗಿದೆ. ಇದು ನಿಜವಲ್ಲವೆಂದು 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ತೋರಿಸಿಕೊಟ್ಟರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೆ. ಕಸ್ತೂರಿ ಅರಿಶಿನವೂ ಅಷ್ಟೇ: ಹಚ್ಚಿಕೊಳ್ಳಲು ಅಡ್ಡಿಯಿಲ್ಲ, ಆದರೆ ಹಾರ್ಮೋನಿನ ಏರುಪೇರನ್ನು ಅದು ಸರಿಪಡಿಸದು.

ಇನ್ನು ಮನಸ್ಸಿನ ಮಾತು. ಈ ತೊಂದರೆಯಿದ್ದ 88 ಮಹಿಳೆಯರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರು ಕೂದಲು ತೆಗೆಯಲು ವಾರಕ್ಕೆ ಸರಾಸರಿ 104 ನಿಮಿಷ ವ್ಯಯಿಸುತ್ತಿದ್ದರು. ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಬೇಕಾಗುವಷ್ಟು ಆತಂಕವಿತ್ತು. ನಗರದಲ್ಲಿ ಬ್ಯೂಟಿ ಪಾರ್ಲರಿನ ಮರೆಯಾದರೂ ಉಂಟು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿರುವ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಂತಹ ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ಗುಟ್ಟು ಉಳಿಯುವುದು ಕಷ್ಟ. ಬಂಗಾಳಿ ಮನೆಯಿರಲಿ, ಕನ್ನಡದ ಮನೆಯಿರಲಿ, ಮದುವೆಗೆ ಮುನ್ನ ವಧುವಿನ ಮುಖಕ್ಕೆ ಅರಿಶಿನ ಹಚ್ಚಲು ಬಂಧುಗಳೆಲ್ಲ ಹತ್ತಿರ ಬರುತ್ತಾರೆ. ಎಲ್ಲರಿಗೂ ಸಂಭ್ರಮವಾದ ಆ ಗಳಿಗೆ ಗಲ್ಲ ಮುಚ್ಚಿಕೊಳ್ಳುವ ಹುಡುಗಿಗೆ ಭಯದ ಗಳಿಗೆ. ತಾಯಂದಿರು “ಮದುವೆಯಾದರೆ ಸರಿಹೋಗುತ್ತದೆ” ಎನ್ನುವುದು ಪ್ರೀತಿಯಿಂದಲೇ ಇರಬಹುದು. ಚಿಕಿತ್ಸೆ ಮಾತ್ರ ವರ್ಷಗಟ್ಟಲೆ ತಡವಾಗುತ್ತದೆ.

ಚಿಕಿತ್ಸೆ ಇದೆ, ತಾಳ್ಮೆಯೂ ಬೇಕು. ಸ್ತ್ರೀರೋಗ ಅಥವಾ ಚರ್ಮರೋಗ ತಜ್ಞರು ರಕ್ತಪರೀಕ್ಷೆ ಹಾಗೂ ಅಗತ್ಯವಿದ್ದರೆ ಸ್ಕ್ಯಾನಿಂಗ್ ಮಾಡಿಸಿ ಕಾರಣ ಗುರುತಿಸುತ್ತಾರೆ. ತೂಕವಿದ್ದವರು ಇಳಿಸಿಕೊಂಡರೆ ಹಾರ್ಮೋನು ಹತೋಟಿಗೆ ಬರಲು ನೆರವಾಗುತ್ತದೆ. ಹಾರ್ಮೋನು ಮಾತ್ರೆಗಳ ಫಲ ಕಾಣಲು ಕನಿಷ್ಠ 6 ತಿಂಗಳು ಬೇಕು. ಸ್ಪೈರನೊಲ್ಯಾಕ್ಟೋನ್ ಮಾತ್ರೆಯನ್ನು ಗರ್ಭಿಣಿಯರು ಸೇವಿಸಕೂಡದು. ಲೇಸರ್ ಕಪ್ಪು ಕೂದಲಿಗೆ ಚೆನ್ನಾಗಿ ಕೆಲಸ ಮಾಡುತ್ತದಾದರೂ ನಮ್ಮ ಮೈಬಣ್ಣಕ್ಕೆ ಹೊಂದಿಸದೆ ಬಳಸಿದರೆ ಸುಟ್ಟ ಕಲೆ ಉಳಿಯಬಹುದು. ಪಿ.ಸಿ.ಓ.ಎಸ್. ಇದ್ದವರಲ್ಲಿ ಕೂದಲು ಮತ್ತೆ ಚಿಗುರುವುದೂ ಉಂಟು. ಬಿಳಿ ಕೂದಲಿಗೆ ಎಲೆಕ್ಟ್ರಾಲಿಸಿಸ್ ಒಂದೇ ಶಾಶ್ವತ ಮಾರ್ಗ.

ಕೆಲವೇ ತಿಂಗಳಲ್ಲಿ ಕೂದಲು ಬಿರುಸಾಗಿ ಬೆಳೆದು, ದನಿ ಗಡುಸಾಗಿ, ನೆತ್ತಿಯ ಕೂದಲು ಉದುರತೊಡಗಿದರೆ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇರಬಹುದಾದ್ದರಿಂದ ತಡಮಾಡದೆ ವೈದ್ಯರನ್ನು ಕಾಣಬೇಕು. ಮನಸ್ಸು ಕುಗ್ಗಿದವರು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.