ಹಳೆಯ ಅರಿವೆಯ ಎರಡನೆಯ ಬಾಳು

‘ಕಡತ ಇನ್ನೂ ಮೇಲಕ್ಕೆ ಹೋಗಿಲ್ಲ’ ಎಂಬ ಮಾತು ಕೇಳಿ ಕಚೇರಿಯ ಮೆಟ್ಟಿಲಿಳಿದು ಬಂದ ಅನುಭವ ಯಾರಿಗಿಲ್ಲ? ಆ ಮಾತಾಡುವ ಗುಮಾಸ್ತರಿಗಾಗಲಿ ಕೇಳುವ ನಮಗಾಗಲಿ, ಕಡತವೆಂದರೆ ಮೂಲದಲ್ಲಿ ಒಂದು ತುಂಡು ಬಟ್ಟೆ ಎಂಬುದು ನೆನಪಿಗೆ ಬರುವುದಿಲ್ಲ. ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆಯ ಮೇಲೆ ಮಡಿಕೆಯಾಗಿ ಮಡಚಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರಸಿ ಮತ್ತೆ ಬರೆಯುವುದು. 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಕರ್ನಲ್ ವಿಲ್ಕ್ಸ್ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ವರ್ತಕರ ಲೆಕ್ಕವೆಲ್ಲ ಇದರಲ್ಲೇ. ಶೃಂಗೇರಿ ಮಠದ ಕಡತಗಳಂತೂ ಇಂದಿಗೂ ಚರಿತ್ರೆಕಾರರಿಗೆ ಆಕರ. ಒರಸಬಹುದಾದ ಬರಹವೇ ಇಷ್ಟು ಕಾಲ ಉಳಿದುಬಂದದ್ದು ವಿನೋದವಲ್ಲವೇ!

ಶಿಕಾರಿಪುರ, ಸೊರಬದ ಸೀಮೆ ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದು, 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಮೈಸೂರಿಗೆ ಸೇರಿತು. ಈ ಸೀಮೆಯ ಮನೆಗಳಲ್ಲಿ ಹಳೆಯ ಅರಿವೆಗೆ ಬೇರೆ ಉದ್ಯೋಗಗಳೂ ಇದ್ದವು. ಅಜ್ಜಿಯ ನೂಲಿನ ಸೀರೆ ಮೆತ್ತಗಾದಷ್ಟೂ ಅದರ ಬೆಲೆ ಹೆಚ್ಚು; ಅದು ಕೂಸಿನ ಜೋಲಿಯಾಗಬೇಕು, ಬಾಣಂತಿಯ ಕೋಣೆಗೆ ಹೋಗಬೇಕು. ಮಿಕ್ಕಿದ್ದು ಕೌದಿಗೆ. ಅದೂ ಹರಿದ ಮೇಲೆ ಒಲೆಯ ಬದಿಯ ಮಸಿಬಟ್ಟೆ. ಹೀಗೆ ಇಳಿಯುತ್ತ ಇಳಿಯುತ್ತ ಬಟ್ಟೆ ಮಣ್ಣು ಸೇರುವ ಹೊತ್ತಿಗೆ ಮನೆಯ ಎರಡು ತಲೆಮಾರುಗಳನ್ನು ಕಂಡಿರುತ್ತಿತ್ತು.

ಕೌದಿಯ ಕಲೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಸೊರಬದಿಂದ ಬನವಾಸಿಯ ದಾರಿ ಹಿಡಿದು ಉತ್ತರ ಕನ್ನಡಕ್ಕೆ ಹೋಗಬೇಕು. ಮುಂಡಗೋಡು, ಯಲ್ಲಾಪುರ, ಹಳಿಯಾಳದ ಕಡೆ ನೆಲೆಸಿರುವ ಸಿದ್ದಿಯರ ಹಿರಿಯರು ಆಫ್ರಿಕದಿಂದ ಬಂದವರು. ಅವರ ಹೆಂಗಸರು ಅಂಚಿನಿಂದ ತುಂಡು ಜೋಡಿಸುತ್ತ, ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ‘ಫೂಲ’ ಎಂಬ ಹೂವಿನ ತುಂಡುಗಳನ್ನಿಟ್ಟರೇ ಕೌದಿ ಮುಗಿದಂತೆ. ಇಲ್ಲವಾದರೆ ಬೆತ್ತಲೆ ಎನ್ನುತ್ತಾರೆ. ನಕಾಶೆಯಿಲ್ಲ, ಅಳತೆಪಟ್ಟಿಯಿಲ್ಲ. ಲೆಕ್ಕವೆಲ್ಲ ಬೆರಳಿನಲ್ಲಿ.

ಈಗ ಬಟ್ಟೆಯ ಗುಣವೇ ಬದಲಾಗಿದೆ. ಪಾಲಿಯೆಸ್ಟರ್ ಸೀರೆ ನೀರು ಹೀರುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಮಸಿಬಟ್ಟೆಗೆ ಬಾರದೆ, ಮಣ್ಣಿಗೂ ಬೇಡವಾಗಿ, ಕೆರೆಯ ಏರಿಯ ಮೇಲೆ ಬಿದ್ದಿರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆಯ ಕಸ ಸೇರುತ್ತದೆಂದು 2022ರ ಒಂದು ವರದಿ ಅಂದಾಜಿಸಿತು. ಆದರೂ ಕೌದಿಯ ಒಳಪದರಕ್ಕೆ ಈ ಸೀರೆ ಒದಗೀತು. ಹಾಗೆ ಒದಗಿಸುವ ಕೈಗಳೇ ಕಡಿಮೆಯಾಗುತ್ತಿವೆ.

1937ರ ವಾರ್ಧಾ ಸಮ್ಮೇಳನದ ತರುವಾಯ ಮೂಲಶಿಕ್ಷಣದ ಹೆಸರಿನಲ್ಲಿ ತಕಲಿ ಶಾಲೆಯೊಳಕ್ಕೆ ಬಂತು. ಮಕ್ಕಳು ನೂತರು, ಆ ಉತ್ಸಾಹ ಬಹಳ ಕಾಲ ನಿಲ್ಲಲಿಲ್ಲ. ನನಗನಿಸುವಂತೆ ಆ ಪಾಠವನ್ನು ಇಂದು ಇನ್ನೊಂದು ತುದಿಯಿಂದ ಹಿಡಿಯಬೇಕು. ನೂಲಿನಿಂದಲ್ಲ, ಹರಕಿನಿಂದ. ಶಿಕಾರಿಪುರದ, ಸೊರಬದ ಹಳ್ಳಿಶಾಲೆಗಳಲ್ಲಿ ಶನಿವಾರದ ಒಂದು ಗಂಟೆ ಸಾಕು. ಮಕ್ಕಳು ಮನೆಯಿಂದ ಒಗೆದ ಹಳೆಯ ಬಟ್ಟೆ ತರಲಿ. ಹತ್ತಿ ಯಾವುದು, ನೈಲಾನ್ ಯಾವುದು ಎಂದು ಮುಟ್ಟಿ ಬೇರ್ಪಡಿಸಲಿ. ಕಲಿಸಲು ತರಬೇತಿ ಪಡೆದವರೇ ಬೇಕಿಲ್ಲ, ಕೌದಿ ಹೊಲಿದ ಅಜ್ಜಿಯರು ಊರಲ್ಲಿನ್ನೂ ಇದ್ದಾರೆ. ಅವರನ್ನು ಮೇಷ್ಟರ ಕುರ್ಚಿಯಲ್ಲೇ ಕೂರಿಸಬೇಕು. ಗಂಡುಹುಡುಗರೂ ಸೂಜಿ ಹಿಡಿಯಲಿ. ಮೊದಲ ಕೌದಿ ಅದೇ ಊರಿನ ಅಂಗನವಾಡಿಗೆ ಹೋಗಲಿ. ಮಧ್ಯಾಹ್ನ ಅಲ್ಲಿ ಕೂಸುಗಳು ಮಲಗುತ್ತವೆ.